ಪ್ರತಿಕಾಯವಿದ್ದರೂ ಬಿಡದ ಸೋಂಕು: ಎಚ್. ಪೈಲೋರಿ ಎದುರು ಜಠರದ ರೋಗನಿರೋಧಕ ವ್ಯವಸ್ಥೆ

ರಕ್ತಪರೀಕ್ಷೆಯ ವರದಿಯಲ್ಲಿ ‘ಎಚ್. ಪೈಲೋರಿ ಐಜಿಜಿ ಪಾಸಿಟಿವ್’ ಎಂದು, ಅಂದರೆ ಜಠರದ ಈ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಐಜಿಜಿ ಬಗೆಯ ಪ್ರತಿಕಾಯ ರಕ್ತದಲ್ಲಿದೆ ಎಂದು, ಬಂದಾಗ ಅದನ್ನು ಎರಡು ರೀತಿಯಲ್ಲಿ ತಪ್ಪಾಗಿ ಓದುವುದುಂಟು. ‘ಈಗ ಹೊಟ್ಟೆಯಲ್ಲಿ ಸೋಂಕು ಇದೆ’ ಎಂಬುದು ಮೊದಲನೆಯದು. ಇರಬಹುದು, ಇಲ್ಲದೆಯೂ ಇರಬಹುದು. ಸೋಂಕು ಪೂರ್ತಿ ವಾಸಿಯಾದ ಮೇಲೂ ಈ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ‘ಪ್ರತಿಕಾಯ ಬಂದಿದೆಯಲ್ಲ, ಇನ್ನು ದೇಹವೇ ನೋಡಿಕೊಳ್ಳುತ್ತದೆ’ ಎಂಬುದು ಎರಡನೆಯದು. ಇದಂತೂ ಸಾರಾಸಗಟು ತಪ್ಪು. ದಡಾರ ಒಮ್ಮೆ ಬಂದು ಹೋದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಚಿಕ್ಕಂದಿನಲ್ಲಿ ಒಳಹೊಕ್ಕ ಹೆಲಿಕೋಬ್ಯಾಕ್ಟರ್ ಪೈಲೋರಿ, ಔಷಧಿ ಕೊಡದಿದ್ದರೆ, ಬಹುಮಟ್ಟಿಗೆ ಜೀವನಪೂರ್ತಿ ಜಠರದಲ್ಲೇ ಉಳಿಯುತ್ತದೆ. ಅಷ್ಟೂ ಕಾಲ ರೋಗನಿರೋಧಕ ವ್ಯವಸ್ಥೆ ಸುಮ್ಮನಿರುವುದಿಲ್ಲ. ಜಠರದ ಗೋಡೆಯಲ್ಲಿ ಬಿಳಿರಕ್ತಕಣಗಳ ದಟ್ಟಣೆ ಇರುತ್ತದೆ, ರಕ್ತದಲ್ಲಿ ಪ್ರತಿಕಾಯ ತುಂಬಿರುತ್ತದೆ. ಆದರೂ ಬ್ಯಾಕ್ಟೀರಿಯಾ ಜಾಗ ಬಿಡುವುದಿಲ್ಲ.

ಗ್ಯಾಸ್ಟ್ರೈಟಿಸ್ (ಜಠರದ ಉರಿಯೂತ), ಅಲ್ಸರ್ (ಹುಣ್ಣು), ಕೊನೆಗೆ ಕ್ಯಾನ್ಸರ್ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಬ್ಯಾಕ್ಟೀರಿಯಾ ನೇರವಾಗಿ ಮಾಡಿದ ಹಾನಿಯಲ್ಲ. ಅದನ್ನು ಹೊರದೂಡಲು ಹೋಗಿ ಸೋತ ನಮ್ಮದೇ ಪ್ರತಿಕ್ರಿಯೆ ದಶಕಗಳ ಕಾಲ ಮಾಡಿದ ಹಾನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತ್ತು. ಅದೇ ಸಂಸ್ಥೆಯ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2008ರಿಂದ 2017ರ ನಡುವೆ ಹುಟ್ಟಿದವರಲ್ಲಿ ಮುಂದೆ ಸುಮಾರು 1.56 ಕೋಟಿ ಮಂದಿಗೆ ಜಠರದ ಕ್ಯಾನ್ಸರ್ ಬರಬಹುದು. ಅದರಲ್ಲಿ ಶೇ 76ಕ್ಕೆ ಎಚ್. ಪೈಲೋರಿಯೇ ಮೂಲ. ಸೋಂಕು ಹುಡುಕಿ ಚಿಕಿತ್ಸೆ ಕೊಡುವ ಸಾಮೂಹಿಕ ಕಾರ್ಯಕ್ರಮಗಳು ಬೇಕೋ ಬೇಡವೋ ಎಂಬ ಚರ್ಚೆ ಮತ್ತೆ ಬಿಸಿಯೇರಿರುವುದು ಇದೇ ಕಾರಣಕ್ಕೆ. ರೋಗನಿರೋಧಕ ವ್ಯವಸ್ಥೆ ಎಲ್ಲಿ ಎಡವುತ್ತದೆ ಎಂಬುದು ಗೊತ್ತಿಲ್ಲದೆ ಆ ಚರ್ಚೆ ತಲೆಬುಡ ಸಿಗುವಂಥದ್ದಲ್ಲ.

ಆಮ್ಲದ ಕೆಳಗಿನ ನೆಲೆ

ಬರಿಹೊಟ್ಟೆಯಲ್ಲಿ ಜಠರರಸದ ಪಿಎಚ್ 1ರಿಂದ 2. ನುಂಗಿದ ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಅಲ್ಲೇ ಮುಕ್ತಾಯ. ಎಚ್. ಪೈಲೋರಿಗೂ ಈ ಆಮ್ಲದಲ್ಲಿ ಬಹಳ ಹೊತ್ತು ಬದುಕುವ ಶಕ್ತಿಯಿಲ್ಲ. ಬೇಗ ದಾಟಿಹೋಗುವ ಉಪಾಯ ಮಾತ್ರ ಇದೆ. ಅದರ ಒಟ್ಟು ಪ್ರೋಟೀನಿನಲ್ಲಿ ಶೇ 10ರವರೆಗೂ ಯೂರಿಯೇಸ್ ಎಂಬ ಒಂದೇ ಕಿಣ್ವ ಇರುತ್ತದೆ. ಹೊರಗೆ ಆಮ್ಲ ಹೆಚ್ಚಾದಾಗ ಒಳಪೊರೆಯಲ್ಲಿರುವ ಪುಟ್ಟ ನಾಳ ತೆರೆದುಕೊಂಡು ಯೂರಿಯಾವನ್ನು ಒಳಗೆ ಬಿಡುತ್ತದೆ; ಕಿಣ್ವ ಅದನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ; ಅಮೋನಿಯಾ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಇದರಿಂದ ಇನ್ನೊಂದು ಲಾಭವೂ ಉಂಟು. ಜಠರದ ಲೋಳೆ ಆಮ್ಲದಲ್ಲಿ ಗಟ್ಟಿ ಜೆಲ್ಲಿಯಂತಿದ್ದು, ಪಿಎಚ್ ಏರಿದರೆ ತೆಳ್ಳಗಾಗುತ್ತದೆ. ತನ್ನ ಸುತ್ತಲಿನ ಲೋಳೆಯನ್ನು ಹೀಗೆ ಸಡಿಲಗೊಳಿಸಿಕೊಂಡು, ಒಂದು ತುದಿಯ ನಾಲ್ಕಾರು ಕಶಾಂಗಗಳನ್ನು, ಅಂದರೆ ಚಾವಟಿಯಂಥ ಬಾಲಗಳನ್ನು, ಬೀಸುತ್ತಾ ಬ್ಯಾಕ್ಟೀರಿಯಾ ಆಳಕ್ಕೆ ಈಜುತ್ತದೆ. ಆಳದಲ್ಲಿ, ಕೋಶಗಳ ಹತ್ತಿರ, ಪಿಎಚ್ ಹೆಚ್ಚುಕಡಿಮೆ 7.

ಮುಂದಿನ ಎಲ್ಲಕ್ಕೂ ಮುಖ್ಯವಾದ ಸಂಗತಿ ಈ ವಾಸಸ್ಥಳವೇ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಲೋಳೆಯಲ್ಲಿ ತೇಲಾಡುತ್ತಿರುತ್ತವೆ. ಒಂದು ಸಣ್ಣ ಪಾಲು ಮಾತ್ರ ಬ್ಯಾಬ್-ಎ, ಸ್ಯಾಬ್-ಎ, ಹಾಪ್-ಕ್ಯೂ ಮೊದಲಾದ ಅಂಟು ಪ್ರೋಟೀನುಗಳ ಮೂಲಕ ಕೋಶಗಳಿಗೆ ಕಚ್ಚಿಕೊಂಡಿರುತ್ತದೆ. ಅಂಗಾಂಶದ ಒಳಗೆ ನುಗ್ಗುವ ಚಾಳಿ ಇವಕ್ಕೆ ಕಡಿಮೆ. ರೋಗನಿರೋಧಕ ಕಣಗಳಿರುವುದು ಗೋಡೆಯ ಒಳಗೆ, ಶತ್ರು ಇರುವುದು ಗೋಡೆಯ ಹೊರಗೆ.

ವೇಷ ಮರೆಸಿಯೂ ಬಾಗಿಲು ತಟ್ಟುವ ಜೀವಿ

ಬ್ಯಾಕ್ಟೀರಿಯಾ ಬಂದಿದೆಯೆಂದು ದೇಹಕ್ಕೆ ಮೊದಲು ತಿಳಿಸುವುದು ನಮ್ಮ ಕೋಶಗಳಲ್ಲಿರುವ ಟೋಲ್ ಗ್ರಾಹಕಗಳು (ಟಿಎಲ್‌ಆರ್). ಟಿಎಲ್‌ಆರ್-4 ಬ್ಯಾಕ್ಟೀರಿಯಾದ ಹೊರಪೊರೆಯ ಲಿಪೋಪಾಲಿಸ್ಯಾಕರೈಡನ್ನು ಗುರುತಿಸುತ್ತದೆ. ಟಿಎಲ್‌ಆರ್-5 ಕಶಾಂಗದ ಪ್ರೋಟೀನಾದ ಫ್ಲಾಜೆಲಿನ್ ಅನ್ನು. ಎಚ್. ಪೈಲೋರಿ ಇವೆರಡರ ಕಣ್ಣಿಗೂ ಮಣ್ಣೆರಚುತ್ತದೆ. ತನ್ನ ಲಿಪೋಪಾಲಿಸ್ಯಾಕರೈಡಿನ ಬುಡದ ಫಾಸ್ಫೇಟ್ ಗುಂಪುಗಳನ್ನು ಕತ್ತರಿಸಿ, ಆರರ ಬದಲು ನಾಲ್ಕೇ ಕೊಬ್ಬಿನ ಸರಪಳಿ ಉಳಿಸಿಕೊಳ್ಳುತ್ತದೆ. ಕರುಳಿನ ಇ. ಕೋಲಿಯದಕ್ಕೆ ಹೋಲಿಸಿದರೆ ಅದರ ಪ್ರಚೋದಕ ಶಕ್ತಿ ನೂರಾರು ಪಟ್ಟು ಕಡಿಮೆ. ಫ್ಲಾಜೆಲಿನ್‌ನಲ್ಲಿ ಗ್ರಾಹಕ ಕೂರಬೇಕಾದ ಜಾಗದ, ಅಂದರೆ 89ರಿಂದ 96ನೇ ಸ್ಥಾನಗಳ ನಡುವಿನ, ಅಮೈನೊ ಆಮ್ಲಗಳೇ ಬೇರೆ. ಸಾಲದ್ದಕ್ಕೆ ಹೊರಪೊರೆಯ ತುದಿಗೆ ಮನುಷ್ಯರ ರಕ್ತದ ಗುಂಪಿಗೆ ಸೇರಿದ ಲೂಯಿಸ್ ಸಕ್ಕರೆಗಳನ್ನೇ ಹೋಲುವ ಸಕ್ಕರೆಗಳನ್ನು ಹೊದ್ದುಕೊಂಡಿರುತ್ತದೆ.

ಇಷ್ಟೆಲ್ಲ ಮುಚ್ಚುಮರೆ ಮಾಡುವ ಜೀವಿ ಇನ್ನೊಂದು ಕಡೆಯಿಂದ ತಾನಾಗಿಯೇ ಬಾಗಿಲು ತಟ್ಟುತ್ತದೆ. ಕ್ಯಾಗ್ ದ್ವೀಪ ಎಂಬ ಜೀನ್‌ಗುಚ್ಛ ಇರುವ ತಳಿಗಳಲ್ಲಿ ಸೂಜಿಯಂಥ ಒಂದು ಸ್ರಾವಯಂತ್ರವಿದೆ. ಅದು ಕ್ಯಾಗ್-ಎ ಪ್ರೋಟೀನನ್ನು ನೇರವಾಗಿ ಜಠರಕೋಶದೊಳಕ್ಕೆ ಚುಚ್ಚುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾದ ಗೋಡೆಯ ಚೂರುಗಳೂ ಎಡಿಪಿ-ಹೆಪ್ಟೋಸ್ ಎಂಬ ಸಕ್ಕರೆಯ ಅಣುಗಳೂ ಒಳಸೇರುತ್ತವೆ. ಗೋಡೆಯ ಚೂರನ್ನು ಕೋಶದೊಳಗಿನ ನಾಡ್-1, ಸಕ್ಕರೆಯನ್ನು ಎಎಲ್‌ಪಿಕೆ-1 ಹಿಡಿದು ಹಾಕುತ್ತವೆ. ಎರಡೂ ದಾರಿ ಸೇರುವುದು ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಸ್ವಿಚ್ಚಿಗೆ. ಅದು ಬಿದ್ದ ಕೂಡಲೆ ಕೋಶ ಇಂಟರ್‌ಲ್ಯೂಕಿನ್-8 ಅನ್ನು ಸುರಿಸುತ್ತದೆ. ರಕ್ತದಿಂದ ನ್ಯೂಟ್ರೋಫಿಲ್‌ಗಳೆಂಬ ಬಿಳಿರಕ್ತಕಣಗಳನ್ನು ಕರೆತರುವ ಸಂದೇಶ ಅದು. ಉರಿಯೂತದಿಂದ ಕೋಶಗಳು ಸೋರಿದಾಗ ಹೊರಬರುವ ಪೋಷಕಾಂಶ, ಅದರಲ್ಲೂ ಕಬ್ಬಿಣ, ಬ್ಯಾಕ್ಟೀರಿಯಾಕ್ಕೆ ಬೇಕು. ಆದ್ದರಿಂದ ಸ್ವಲ್ಪ ಉರಿಯೂತ ಅದಕ್ಕೆ ಲಾಭದ ಬಾಬತ್ತೇ ಇರಬೇಕು ಎಂಬ ವಾದ ನನಗಂತೂ ಒಪ್ಪುವಂತಿದೆ.

ಈ ಮೊದಲ ಹಂತ ಹೇಗಿರುತ್ತದೆ ಎನ್ನುವುದಕ್ಕೆ ಹೆಸರಾದ ಸಾಕ್ಷಿ ಬ್ಯಾರಿ ಮಾರ್ಷಲ್. ರಾಬಿನ್ ವಾರನ್ ಜೊತೆ ಆಸ್ಟ್ರೇಲಿಯದ ಪರ್ತ್‌ನಲ್ಲಿ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿದ್ದ ಅವರು 1984ರಲ್ಲಿ ಅದರ ದ್ರಾವಣವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. 10ನೇ ದಿನದ ಬಯಾಪ್ಸಿಯಲ್ಲಿ ನ್ಯೂಟ್ರೋಫಿಲ್ ತುಂಬಿದ ಗ್ಯಾಸ್ಟ್ರೈಟಿಸ್ ಕಂಡಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಬಂದ ಸೈನ್ಯ ಏಕೆ ಗೆಲ್ಲುವುದಿಲ್ಲ?

ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗಿ, ಒಳಗಿನ ಚೀಲದಲ್ಲಿ ಸೂಪರ್‌ಆಕ್ಸೈಡ್ ಹರಿಸಿ ಕೊಲ್ಲುವುದು ವಾಡಿಕೆ. ಎಚ್. ಪೈಲೋರಿಯನ್ನು ನುಂಗಿದಾಗ ಆ ಕಿಣ್ವಯಂತ್ರ ಚೀಲದ ಪೊರೆಯ ಮೇಲೆ ಸರಿಯಾಗಿ ಜೋಡಣೆಯಾಗುವುದೇ ಇಲ್ಲ. ಕೋಶದ ಹೊರಮೈಯಲ್ಲಿ ಜೋಡಣೆಯಾಗಿ ಸೂಪರ್‌ಆಕ್ಸೈಡ್ ಹೊರಗಡೆ ಚೆಲ್ಲುತ್ತದೆ. ಒಳಗಿರುವ ಬ್ಯಾಕ್ಟೀರಿಯಾ ಕ್ಯಾಟಲೇಸ್ ಮತ್ತು ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಕಿಣ್ವಗಳಿಂದ ಉಳಿದದ್ದನ್ನು ಸಂಭಾಳಿಸುತ್ತದೆ. ಪೆಟ್ಟು ಬೀಳುವುದು ಅಕ್ಕಪಕ್ಕದ ಜಠರಕೋಶಗಳ ಡಿಎನ್‌ಎಗೆ. ಕಳೆ ಕೀಳಲು ಇಳಿದವರು ಪೈರನ್ನೇ ತುಳಿದು, ಕಳೆಯನ್ನು ಹಾಗೇ ಬಿಟ್ಟುಬಂದಂತೆ.

ಸೂಕ್ಷ್ಮಜೀವಿಗಳನ್ನು ನುಂಗುವ ಇನ್ನೊಂದು ಬಗೆಯ ಕಣಗಳಾದ ಮ್ಯಾಕ್ರೋಫೇಜ್‌ಗಳ ಕೈಕಟ್ಟುವ ಬಗೆ ಬೇರೆ. ಅವು ಎಲ್-ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಎಚ್. ಪೈಲೋರಿಯ ಆರ್ಜಿನೇಸ್ ಕಿಣ್ವ ಆ ಕಚ್ಚಾವಸ್ತುವನ್ನೇ ಮೊದಲು ತಿಂದುಹಾಕುತ್ತದೆ. ಆರ್ಜಿನಿನ್ ಒಡೆದಾಗ ಸಿಗುವುದೇನು? ಯೂರಿಯಾ. ಅದು ಮತ್ತೆ ಯೂರಿಯೇಸ್‌ಗೆ ಆಹಾರ.

ನಿಜವಾಗಿ ಸೋಂಕು ಇಳಿಸಬಲ್ಲವರು ಸಿಡಿ-4 ಟಿ ಕಣಗಳು ಎಂಬ ಬಿಳಿರಕ್ತಕಣಗಳು. ಬಿ ಕಣಗಳೇ ಇಲ್ಲದ, ಅಂದರೆ ಪ್ರತಿಕಾಯ ತಯಾರಿಸಲಾಗದ ಇಲಿಗಳಿಗೂ ಲಸಿಕೆಯಿಂದ ರಕ್ಷಣೆ ಸಿಕ್ಕಿದೆ. ಸಿಡಿ-4 ಟಿ ಕಣಗಳಿಲ್ಲದ ಇಲಿಗಳಿಗೆ ಸಿಕ್ಕಿಲ್ಲ. ಈ ಟಿ ಕಣಗಳಲ್ಲಿ ಮೂರು ಗುಂಪುಗಳ ನಡುವಿನ ಹಗ್ಗಜಗ್ಗಾಟವೇ ರೋಗದ ಗತಿಯನ್ನು ನಿರ್ಧರಿಸುತ್ತದೆ. ಟಿಎಚ್-1 ಕಣಗಳು ಇಂಟರ್‌ಫೆರಾನ್-ಗಾಮಾ ಬಿಡುತ್ತವೆ, ಟಿಎಚ್-17 ಕಣಗಳು ಇಂಟರ್‌ಲ್ಯೂಕಿನ್-17 ಬಿಡುತ್ತವೆ; ಎರಡೂ ಉರಿಯೂತ ಹೆಚ್ಚಿಸಿ ಬ್ಯಾಕ್ಟೀರಿಯಾದ ಸಂಖ್ಯೆ ತಗ್ಗಿಸುವ ಕಡೆ. ನಿಯಂತ್ರಕ ಟಿ ಕಣಗಳು, ಎಂದರೆ ಟಿ-ರೆಗ್‌ಗಳು, ಇಂಟರ್‌ಲ್ಯೂಕಿನ್-10 ಬಿಟ್ಟು ಬ್ರೇಕ್ ಹಾಕುತ್ತವೆ. ಬ್ಯಾಕ್ಟೀರಿಯಾ ಬ್ರೇಕಿನ ಪರ. ವ್ಯಾಕ್-ಎ ಎಂಬ ಅದರ ವಿಷ, ಟಿ ಕಣಗಳು ಇಂಟರ್‌ಲ್ಯೂಕಿನ್-2 ತಯಾರಿಸಿ ದ್ವಿಗುಣಗೊಳ್ಳುವ ದಾರಿಯನ್ನು ಅಡ್ಡಗಟ್ಟುತ್ತದೆ. ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ತಡೆಯುವುದೂ ಅದೇ ದಾರಿಯನ್ನು. ಗಾಮಾ-ಗ್ಲುಟಮೈಲ್ ಟ್ರಾನ್ಸ್‌ಫರೇಸ್ ಎಂಬ ಇನ್ನೊಂದು ಕಿಣ್ವ ಟಿ ಕಣಗಳಿಗೆ ಬೇಕಾದ ಗ್ಲುಟಮಿನ್ ಅನ್ನು ಖಾಲಿ ಮಾಡುತ್ತದೆ. ಟಿ ಕಣಗಳಿಗೆ ಶತ್ರುವಿನ ಗುರುತು ತೋರಿಸುವ ಡೆಂಡ್ರಿಟಿಕ್ ಕಣಗಳು ಇವೆರಡರ ಪ್ರಭಾವಕ್ಕೆ ಸಿಕ್ಕಾಗ ಹೊಸ ಟಿ ಕಣಗಳನ್ನು ಟಿ-ರೆಗ್ ಆಗುವತ್ತ ತಿರುಗಿಸುತ್ತವೆ.

ಹಾಗಾದರೆ ಬ್ರೇಕ್ ತೆಗೆದುಬಿಟ್ಟರೆ? ಇಂಟರ್‌ಲ್ಯೂಕಿನ್-10 ಇಲ್ಲದ ಇಲಿಗಳಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆ ಕುಸಿಯುತ್ತದೆ, ಜಠರದ ಗೋಡೆಯ ಉರಿಯೂತ ಮಾತ್ರ ವಿಪರೀತಕ್ಕೆ ಹೋಗುತ್ತದೆ. ಸೋಂಕು ತಗುಲಿದ ಮಕ್ಕಳಲ್ಲಿ ಟಿ-ರೆಗ್‌ಗಳು ದೊಡ್ಡವರಿಗಿಂತ ಹೆಚ್ಚು, ಗ್ಯಾಸ್ಟ್ರೈಟಿಸ್ ಸೌಮ್ಯ, ಅಲ್ಸರ್ ಅಪರೂಪ. ಸೋಂಕಿತರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಇಲ್ಲದಿರುವುದು, ಶೇ 10–15ರಷ್ಟು ಮಂದಿಗೆ ಅಲ್ಸರ್, ಶೇ 1–3ರಷ್ಟು ಮಂದಿಗೆ ಕ್ಯಾನ್ಸರ್ ಬರುವುದು ಉರಿಯೂತ ಮತ್ತು ಬ್ರೇಕಿನ ನಡುವಿನ ಈ ಒಪ್ಪಂದ ಎಲ್ಲಿ, ಯಾವಾಗ ಮುರಿಯಿತು ಎಂಬುದರ ಮೇಲೆ ನಿಂತಿದೆ.

ಪ್ರತಿಕಾಯಗಳ ಕತೆ ಚಿಕ್ಕದು. ಐಜಿಜಿ ಇರುವುದು ರಕ್ತದಲ್ಲಿ. ಲೋಳೆಗೆ ತಲುಪುವ ಇನ್ನೊಂದು ಬಗೆಯ ಪ್ರತಿಕಾಯವಾದ ಐಜಿಎ ಅಲ್ಲಿನ ಆಮ್ಲ, ಪೆಪ್ಸಿನ್‌ಗಳ ನಡುವೆ ಕೆಲಸ ಮಾಡಬೇಕು. ಅಷ್ಟರಲ್ಲಿ ಬ್ಯಾಕ್ಟೀರಿಯಾ ತನ್ನ ಅಂಟು ಪ್ರೋಟೀನುಗಳ ಜೀನ್‌ಗಳನ್ನು ಆನ್-ಆಫ್ ಮಾಡುತ್ತಾ ಮೇಲ್ಮೈ ಬದಲಿಸಿರುತ್ತದೆ. ಲೋಳೆಯೂ ಸದಾ ಕಳಚಿಕೊಂಡು ಹೋಗುವುದರಿಂದ ಅಂಟಿಕೊಂಡ ಪ್ರತಿಕಾಯ ಅದರೊಡನೆ ಹೋಗುತ್ತದೆ. ಬ್ಯಾಕ್ಟೀರಿಯಾ ಮತ್ತೆ ಆಳಕ್ಕೆ ಈಜುತ್ತದೆ. ಇನ್ನು ಕೆಲವು ಪ್ರತಿಕಾಯಗಳು ಆಮ್ಲ ಪಂಪುಗಳಿರುವ ನಮ್ಮದೇ ಪ್ಯಾರೈಟಲ್ ಕೋಶಗಳ ಮೇಲೆ ತಿರುಗಿಬೀಳುವುದೂ ಇದೆ.

ಉರಿಯೂತ ಎಲ್ಲಿ ಕೂತಿದೆ ಎಂಬುದೇ ಹಣೆಬರಹ

ಒಂದೇ ಸೋಂಕು ಒಬ್ಬರಲ್ಲಿ ಆಮ್ಲ ಹೆಚ್ಚಿಸುತ್ತದೆ, ಇನ್ನೊಬ್ಬರಲ್ಲಿ ಇಳಿಸುತ್ತದೆ. ಜಠರದ ಕೆಳತುದಿಯಾದ ಆಂಟ್ರಮ್‌ನಲ್ಲಿ ಆಮ್ಲವನ್ನು ಅಳೆದು ‘ಸಾಕು’ ಎನ್ನುವ ಡಿ ಕೋಶಗಳಿವೆ; ಅವು ಬಿಡುವ ಸೊಮ್ಯಾಟೋಸ್ಟ್ಯಾಟಿನ್ ಪಕ್ಕದ ಜಿ ಕೋಶಗಳ ಗ್ಯಾಸ್ಟ್ರಿನ್ ಹಾರ್ಮೋನಿಗೆ ಕಡಿವಾಣ. ಉರಿಯೂತ ಆಂಟ್ರಮ್‌ಗೆ ಸೀಮಿತವಾಗಿದ್ದರೆ ಸೊಮ್ಯಾಟೋಸ್ಟ್ಯಾಟಿನ್ ಇಳಿಯುತ್ತದೆ, ಗ್ಯಾಸ್ಟ್ರಿನ್ ಏರುತ್ತದೆ, ಮೇಲಿನ ಭಾಗದ ಆರೋಗ್ಯವಂತ ಪ್ಯಾರೈಟಲ್ ಕೋಶಗಳು ಅತಿಯಾಗಿ ಆಮ್ಲ ಸುರಿಸುತ್ತವೆ. ಫಲ: ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ನಲ್ಲಿ ಹುಣ್ಣು.

ಉರಿಯೂತ ಜಠರದ ಮಧ್ಯಭಾಗಕ್ಕೆ, ಅಂದರೆ ಕಾರ್ಪಸ್‌ಗೆ ಹಬ್ಬಿದರೆ ಚಿತ್ರ ತಿರುಗುಮುರುಗು. ಅಲ್ಲಿ ಬಿಡುಗಡೆಯಾಗುವ ಇಂಟರ್‌ಲ್ಯೂಕಿನ್-1 ಬೀಟಾ, ಆಮ್ಲ ಸ್ರಾವವನ್ನು ತಡೆಯುವುದರಲ್ಲಿ ನಿಸ್ಸೀಮ. ಆಮ್ಲ ಇಳಿದಂತೆ ಬ್ಯಾಕ್ಟೀರಿಯಾ ಇನ್ನಷ್ಟು ಮೇಲಕ್ಕೆ ಹರಡುತ್ತದೆ, ಉರಿಯೂತ ಅದರ ಬೆನ್ನಿಗೆ ಹೋಗುತ್ತದೆ. ಗ್ರಂಥಿಗಳು ಸವೆದು ಅಟ್ರೋಫಿ, ಜಠರದ ಒಳಪದರ ಕರುಳಿನ ರೂಪ ತಾಳುವ ಮೆಟಾಪ್ಲಾಸಿಯಾ, ನಂತರ ಕೋಶಗಳ ರೂಪ ಕೆಡುವ ಡಿಸ್‌ಪ್ಲಾಸಿಯಾ, ಕೊನೆಗೆ ಕ್ಯಾನ್ಸರ್: ಹಲವು ದಶಕಗಳ ಈ ಇಳಿಜಾರು ಶುರುವಾಗುವುದು ಇಲ್ಲಿಂದ. ಇಂಟರ್‌ಲ್ಯೂಕಿನ್-1 ಬೀಟಾವನ್ನು ಹೆಚ್ಚು ತಯಾರಿಸುವ ಜೀನ್ ರೂಪಾಂತರ ಇರುವವರಲ್ಲಿ ಈ ಅಪಾಯ ಹೆಚ್ಚೆಂದು 2000ದಲ್ಲೇ ತೋರಿಸಲಾಗಿದೆ. ಕ್ಯಾಗ್-ಎ ಇರುವ ತಳಿಯಾದರೆ ಉರಿಯೂತದ ಜೊತೆಗೆ ಕೋಶಗಳ ಬೆಳವಣಿಗೆಯ ಸಂಕೇತಗಳೂ ಕೆಡುತ್ತವೆ.

ಆರೋಗ್ಯವಂತ ಜಠರದಲ್ಲಿ ದುಗ್ಧರಸ ಗ್ರಂಥಿಯಂಥ ಅಂಗಾಂಶ ಇರುವುದಿಲ್ಲ. ದೀರ್ಘಕಾಲದ ಸೋಂಕಿನಲ್ಲಿ ಬಿ ಕಣಗಳು ಗುಂಪುಗೂಡಿ ಅದನ್ನು ಹೊಸದಾಗಿ ಕಟ್ಟುತ್ತವೆ. ಬಲು ಅಪರೂಪಕ್ಕೆ ಅದು ಮಾಲ್ಟ್ ಲಿಂಫೋಮಾ ಎಂಬ ಕ್ಯಾನ್ಸರ್ ಆಗುತ್ತದೆ. ಆರಂಭದ ಹಂತದಲ್ಲಿ ಬ್ಯಾಕ್ಟೀರಿಯಾವನ್ನು ಕೊಂದರೆ ಸಾಕು, ಬಹುಪಾಲು ರೋಗಿಗಳಲ್ಲಿ ಗಡ್ಡೆಯೇ ಕರಗುತ್ತದೆ. ಪ್ರತಿಜನಕದ, ಅಂದರೆ ರೋಗನಿರೋಧಕ ಕಣಗಳನ್ನು ಕೆರಳಿಸುವ ಬ್ಯಾಕ್ಟೀರಿಯಾದ ಅಂಶದ, ಪ್ರಚೋದನೆ ನಿಂತರೆ ಗಡ್ಡೆಗೆ ಬದುಕಿಲ್ಲ. ಆಂಟಿಬಯಾಟಿಕ್‌ನಿಂದ ಕ್ಯಾನ್ಸರ್ ಕರಗಿಸುವ ಇಂಥ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಪರೀಕ್ಷೆ, ಚಿಕಿತ್ಸೆ: ಎಡವುವುದು ಎಲ್ಲಿ?

ಸಕ್ರಿಯ ಸೋಂಕು ಇದೆಯೇ ಎಂದು ತಿಳಿಯಬೇಕೆಂದರೆ ಬ್ಯಾಕ್ಟೀರಿಯಾವನ್ನೇ ಹುಡುಕಬೇಕು, ಪ್ರತಿಕಾಯವನ್ನಲ್ಲ. ಯೂರಿಯಾ ಉಸಿರು ಪರೀಕ್ಷೆಯಲ್ಲಿ ಬರಿಹೊಟ್ಟೆಯಲ್ಲಿರುವಾಗ ಮೊದಲ ಉಸಿರನ್ನು ಸಂಗ್ರಹಿಸಿ, ಕಾರ್ಬನ್-13 ಗುರುತಿರುವ ಯೂರಿಯಾ, ವಯಸ್ಕರಿಗೆ ಸಾಮಾನ್ಯವಾಗಿ 75 ಮಿ.ಗ್ರಾಂ, ಕುಡಿಸುತ್ತಾರೆ. 20–30 ನಿಮಿಷ ಬಿಟ್ಟು ಎರಡನೇ ಉಸಿರು. ಮನುಷ್ಯರ ಕೋಶಗಳಲ್ಲಿ ಯೂರಿಯೇಸ್ ಇಲ್ಲ. ಆದ್ದರಿಂದ ಎರಡನೇ ಉಸಿರಿನಲ್ಲಿ ಗುರುತಿನ ಇಂಗಾಲ ಏರಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ. ಮಲದ ಪ್ರತಿಜನಕ ಪರೀಕ್ಷೆಯೂ ಇಷ್ಟೇ ನಂಬಿಕೆಗೆ ಅರ್ಹ. ಎಂಡೋಸ್ಕೋಪಿ ಮಾಡುವುದಿದ್ದರೆ ಬಯಾಪ್ಸಿಯ ತುಣುಕನ್ನು ಯೂರಿಯಾ ಬೆರೆತ ಹಳದಿ ಜೆಲ್ಲಿಗೆ ಹಾಕುತ್ತಾರೆ. ಅಮೋನಿಯಾ ಬಿಟ್ಟರೆ ಹಳದಿ ಗುಲಾಬಿಗೆ ತಿರುಗುತ್ತದೆ. ಆಂಟ್ರಮ್, ಕಾರ್ಪಸ್ ಎರಡರಿಂದಲೂ ತುಣುಕು ತೆಗೆಯಬೇಕು.

ಈ ಪರೀಕ್ಷೆಗಳೆಲ್ಲ ಸುಳ್ಳು ನೆಗೆಟಿವ್ ಕೊಡುವ ದೊಡ್ಡ ಕಾರಣ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಆಮ್ಲನಿರೋಧಕ ಮಾತ್ರೆ. ಆಮ್ಲ ತಗ್ಗಿದಾಗ ಬ್ಯಾಕ್ಟೀರಿಯಾದ ಸಂಖ್ಯೆಯೂ ಯೂರಿಯೇಸ್ ಚಟುವಟಿಕೆಯೂ ಕುಗ್ಗುತ್ತವೆ, ಆದರೆ ಸೋಂಕು ಹೋಗಿರುವುದಿಲ್ಲ. ಈ ಮಾತ್ರೆಗಳನ್ನು ಕನಿಷ್ಠ 2 ವಾರ, ಆಂಟಿಬಯಾಟಿಕ್ ಮತ್ತು ಬಿಸ್ಮತ್ ಎಂಬ ಲೋಹದ ಲವಣವಿರುವ ಔಷಧಿಯನ್ನು 4 ವಾರ ಮೊದಲೇ ನಿಲ್ಲಿಸಿರಬೇಕು. ನಿಲ್ಲಿಸುವುದು ಸರಿಯೇ ಎಂದು ವೈದ್ಯರನ್ನು ಕೇಳಿಯೇ. ಅಲ್ಸರ್‌ನಿಂದ ರಕ್ತ ಒಸರುತ್ತಿರುವಾಗ ಬಂದ ನೆಗೆಟಿವ್ ಫಲಿತಾಂಶವನ್ನೂ ನಂಬುವಂತಿಲ್ಲ.

ರೋಗನಿರೋಧಕ ವ್ಯವಸ್ಥೆಯಿಂದ ಕೆಲಸ ಮುಗಿಸುವ ನೆರವು ಸಿಗದ ಕಾರಣ ಔಷಧಿಯೇ ಕಟ್ಟಕಡೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲಬೇಕು. ಬೇರೆ ಸೋಂಕುಗಳಲ್ಲಿ ಒಂದು ಆಂಟಿಬಯಾಟಿಕ್ ಸಾಕಾಗುವಾಗ ಇಲ್ಲಿ ಎರಡು ಮೂರು ಬೇಕಾಗುವುದು ಇದಕ್ಕೇ. ಹಿಂದೆ ಎಲ್ಲೆಡೆ ನಡೆಯುತ್ತಿದ್ದ, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ತ್ರಿವಳಿ ಚಿಕಿತ್ಸೆ ಈಗ ಮೊನಚು ಕಳೆದುಕೊಂಡಿದೆ: ರೈಬೋಸೋಮಿನ 23ಎಸ್ ಆರ್‌ಎನ್‌ಎಯಲ್ಲಿ ಒಂದೇ ಅಕ್ಷರ ಬದಲಾದರೆ ಆ ಔಷಧಿ ಅಲ್ಲಿ ಕೂರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರ ಪಟ್ಟಿಯಲ್ಲಿ ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಎಚ್. ಪೈಲೋರಿಗೆ ‘ಹೆಚ್ಚಿನ ಆದ್ಯತೆ’ ಕೊಟ್ಟಿತ್ತು. ಪ್ರತಿರೋಧ ಶೇ 15 ಮೀರಿದ ಕಡೆ, ತಳಿಯನ್ನು ಪರೀಕ್ಷಿಸದೆ ಅದನ್ನು ಬಳಸಬಾರದು ಎನ್ನುವುದು ತಜ್ಞರ ನಿಲುವು. ಈಗಿನ ಮೊದಲ ಆಯ್ಕೆ 14 ದಿನಗಳ ಬಿಸ್ಮತ್ ಚತುಷ್ಕ: ಆಮ್ಲನಿರೋಧಕ ದಿನಕ್ಕೆ 2 ಬಾರಿ, ಬಿಸ್ಮತ್, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ 4 ಬಾರಿ, ಮೆಟ್ರೊನಿಡಜೋಲ್ 500 ಮಿ.ಗ್ರಾಂ 3–4 ಬಾರಿ. ಗರ್ಭಿಣಿಯರಿಗೂ ಚಿಕ್ಕಮಕ್ಕಳಿಗೂ ಇದು ಸಲ್ಲದು.

ಹಲವರು ಸೋಲುವುದು ಮಾತ್ರೆಗಳ ಸಂಖ್ಯೆಗೆ ಹೆದರಿ, ಐದಾರು ದಿನಕ್ಕೆ ಉರಿ ತಗ್ಗಿದೊಡನೆ ಬಿಟ್ಟುಬಿಡುವುದರಿಂದ. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ. ಗಾಬರಿ ಬೇಡ, ಆದರೆ ಟಾರಿನಂತೆ ಅಂಟಂಟಾಗಿ, ತಲೆಸುತ್ತೂ ಬಂದರೆ ಅದು ರಕ್ತಸ್ರಾವ ಇರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಟೆಟ್ರಾಸೈಕ್ಲಿನ್ ಅನ್ನು ಹಾಲು, ಕಬ್ಬಿಣದ ಮಾತ್ರೆಗಳ ಜೊತೆ ನುಂಗಿದರೆ ಅದು ರಕ್ತಕ್ಕೆ ಸೇರುವುದೇ ಕಡಿಮೆ. ಮೆಟ್ರೊನಿಡಜೋಲ್ ನಡೆಯುತ್ತಿರುವಾಗ ಮದ್ಯ ಕೂಡದು. ಆಮ್ಲನಿರೋಧಕದ ಹೊತ್ತು ತಪ್ಪಿಸುವುದೂ ಸಣ್ಣ ತಪ್ಪಲ್ಲ: ಪಿಎಚ್ ಏರಿದಾಗಲೇ ಬ್ಯಾಕ್ಟೀರಿಯಾ ಚುರುಕಾಗಿ ವಿಭಜನೆಯಾಗುವುದು, ಅಮಾಕ್ಸಿಸಿಲಿನ್‌ನಂಥ ಔಷಧಿಗೆ ಸಿಕ್ಕಿಬೀಳುವುದು ವಿಭಜನೆಯ ಹೊತ್ತಿನಲ್ಲೇ.

ಚಿಕಿತ್ಸೆ ಮುಗಿದು ಕನಿಷ್ಠ 4 ವಾರದ ಮೇಲೆ ಉಸಿರು ಅಥವಾ ಮಲದ ಪರೀಕ್ಷೆ ಮಾಡಿಸಲೇಬೇಕು. ಬ್ಯಾಕ್ಟೀರಿಯಾ ಹೋದ ಮೇಲೆ ನ್ಯೂಟ್ರೋಫಿಲ್‌ಗಳು ಬೇಗ ಮಾಯವಾಗುತ್ತವೆ. ಲಿಂಫೋಸೈಟ್‌ಗಳು ಕರಗಲು ವರ್ಷವೇ ಹಿಡಿಯಬಹುದು. ಮೆಟಾಪ್ಲಾಸಿಯಾ ಆಗಿಬಿಟ್ಟಿದ್ದರೆ ಅದು ಸುಲಭಕ್ಕೆ ಹಿಂದಿರುಗುವುದಿಲ್ಲ, ಅಂಥವರಿಗೆ ಎಂಡೋಸ್ಕೋಪಿಯ ನಿಗಾ ಮುಂದುವರಿಯಬೇಕಾಗಬಹುದು.

ಲಸಿಕೆಯ ತೊಡಕು

ಜಪಾನ್ 2013ರಿಂದ ಗ್ಯಾಸ್ಟ್ರೈಟಿಸ್ ಹಂತದಲ್ಲೇ ಚಿಕಿತ್ಸೆಯನ್ನು ಆರೋಗ್ಯ ವಿಮೆಗೆ ಸೇರಿಸಿದೆ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಲ್ಲಿ ಶುರುವಾದ ಸಾಮೂಹಿಕ ಚಿಕಿತ್ಸೆಯ ನಂತರ ಜಠರದ ಕ್ಯಾನ್ಸರ್ ಪ್ರಮಾಣ ಹಿಂದಿನದಕ್ಕಿಂತ ಅರ್ಧಕ್ಕೂ ಹೆಚ್ಚು ಇಳಿಯಿತು. ಆದರೆ ಸೋಂಕು ಜನಸಂಖ್ಯೆಯ ದೊಡ್ಡ ಪಾಲಿಗೆ ಇರುವೆಡೆ ಎಲ್ಲರಿಗೂ ಎರಡು ವಾರ ಆಂಟಿಬಯಾಟಿಕ್ ಕೊಟ್ಟರೆ ಕರುಳಿನ ಉಳಿದ ಬ್ಯಾಕ್ಟೀರಿಯಾಗಳಲ್ಲೂ ಔಷಧಿ ಪ್ರತಿರೋಧ ಬೆಳೆಯುತ್ತದೆ. ಕುಟುಂಬದಲ್ಲಿ ಜಠರದ ಕ್ಯಾನ್ಸರ್ ಇರುವವರು, ಅಲ್ಸರ್ ಇರುವವರು, ಬಹುಕಾಲ ನೋವಿನ ಮಾತ್ರೆ ನುಂಗಬೇಕಾದವರು ಮೊದಲು. ಉಳಿದವರು ಆಮೇಲೆ ಎಂಬುದು ಹೆಚ್ಚು ವಿವೇಕದ ದಾರಿ ಎಂದು ಕಾಣುತ್ತದೆ.

ಲಸಿಕೆ ಬಂದಿದ್ದರೆ ಈ ಇಕ್ಕಟ್ಟೇ ಇರುತ್ತಿರಲಿಲ್ಲ. ಯೂರಿಯೇಸ್‌ನ ಒಂದು ಭಾಗವನ್ನು ಇ. ಕೋಲಿ ವಿಷದ ನಿರುಪದ್ರವಿ ತುಣುಕಿಗೆ ಜೋಡಿಸಿದ, ಬಾಯಿಯಿಂದ ಕೊಡುವ ಲಸಿಕೆಯನ್ನು ಚೀನಾದಲ್ಲಿ 6–15 ವರ್ಷದ 4,464 ಮಕ್ಕಳ ಮೇಲೆ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು: ಮೂರು ಡೋಸ್, ಮೊದಲ ವರ್ಷ ಶೇ 71.8 ರಕ್ಷಣೆ, ಆಮೇಲೆ ಶೇ 55ರ ಆಸುಪಾಸು. ಕ್ಯಾಗ್-ಎ, ವ್ಯಾಕ್-ಎ ಮತ್ತು ನ್ಯೂಟ್ರೋಫಿಲ್ ಕೆರಳಿಸುವ ಪ್ರೋಟೀನ್ ಸೇರಿಸಿದ ಚುಚ್ಚುಮದ್ದೊಂದರ ಗತಿ ಬೇರೆಯೇ ಆಯಿತು. ಲಸಿಕೆ ಪಡೆದ ಸ್ವಯಂಸೇವಕರಿಗೆ ಬೇಕೆಂದೇ ಸೋಂಕು ಕೊಟ್ಟು ನೋಡಿದ ಆ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಪ್ರತಿಕಾಯಗಳು ಚೆನ್ನಾಗಿಯೇ ಏರಿದ್ದವು, ರಕ್ಷಣೆ ಮಾತ್ರ ಬಂದಿರಲಿಲ್ಲ. ಹೆಚ್ಚಿನ ಲಸಿಕೆಗಳು ಫಲಿಸುತ್ತವೆಯೇ ಎಂದು ತಿಳಿಯಲು ರಕ್ತದ ಪ್ರತಿಕಾಯದ ಮಟ್ಟ ನೋಡಿದರಾಯಿತು. ಇಲ್ಲಿ ನೋಡಬೇಕಾದದ್ದು ಜಠರದ ಗೋಡೆಯಲ್ಲಿ ನೆಲೆಸಿದ ನೆನಪಿನ ಟಿ ಕಣಗಳನ್ನು, ಅದೂ ಟಿ-ರೆಗ್‌ಗಳ ಎದುರು ಅವುಗಳ ಪ್ರಮಾಣವನ್ನು. ಅದಕ್ಕೆ ಲಸಿಕೆ ಪಡೆದ ಪ್ರತಿಯೊಬ್ಬರಿಗೂ ಎಂಡೋಸ್ಕೋಪಿ ಮಾಡಿ ಬಯಾಪ್ಸಿ ತೆಗೆಯಬೇಕಾಗುತ್ತದೆ.